ಕಡತವೇ ಇಲ್ಲದ ಹಾಡಿನ ಸಿಡಿ

ಹಾಡಿನ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದೊಡನೆ ಪರದೆಯ ಮೇಲೆ ಹಾಡುಗಳ ಪಟ್ಟಿ ಮೂಡುತ್ತದೆಯಾದರೂ, ಆ ಸಿಡಿಯಲ್ಲಿ ವಾಸ್ತವವಾಗಿ ಒಂದು ಕಡತವೂ ಇರುವುದಿಲ್ಲ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1980ರಲ್ಲಿ ರೂಪಿಸಿದ ‘ರೆಡ್ ಬುಕ್’ ಮಾನದಂಡದ ಪ್ರಕಾರ ಅದರಲ್ಲಿರುವುದು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿಸಿದ ಧ್ವನಿ ಮತ್ತು ಯಾವ ಹಾಡು ಎಲ್ಲಿ ಆರಂಭವಾಗುತ್ತದೆ ಎಂದು ನಿಮಿಷ, ಸೆಕೆಂಡು, ಫ್ರೇಮುಗಳಲ್ಲಿ ತಿಳಿಸುವ ಪರಿವಿಡಿ. ಫ್ರೇಮ್ ಎಂದರೆ ಸೆಕೆಂಡಿನ 75ನೇ ಒಂದು ಭಾಗ, 2,352 ಬೈಟುಗಳಷ್ಟು ಧ್ವನಿ. ಇದನ್ನು ಕಡತಗಳಂತೆ ತೋರಿಸುವ ಹೊಣೆ ಕಾರ್ಯಾಚರಣಾ ವ್ಯವಸ್ಥೆಯದು. ಈ ಹೊಣೆಯನ್ನು ಸೊಗಸಾಗಿ ನಿರ್ವಹಿಸಿದವುಗಳಲ್ಲಿ ಬೀಓಎಸ್ ಮತ್ತು ಅದರ ಉತ್ತರಾಧಿಕಾರಿಯಾದ ಹೈಕು ಎಂಬ ಎರಡು ವ್ಯವಸ್ಥೆಗಳು, ಬಳಕೆದಾರರು ಕಡಿಮೆಯಿದ್ದರೂ, ಗಮನಾರ್ಹವಾದವು.

ಆ್ಯಪಲ್‌ನಲ್ಲಿದ್ದ ಜ್ಯಾನ್-ಲೂಯಿ ಗಾಸೆ 1990ರಲ್ಲಿ ಸ್ಥಾಪಿಸಿದ, ಬೀಓಎಸ್ ರೂಪಿಸಿದ ‘ಬೀ’ ಕಂಪನಿಯ ಸ್ವತ್ತು 2001ರಲ್ಲಿ ಪಾಮ್ ಕಂಪನಿಗೆ ಮಾರಾಟವಾದಾಗ, ಸ್ವಯಂಸೇವಕ ತಂತ್ರಜ್ಞರು ಬೀಓಎಸ್ ಅನ್ನು ಮೊದಲಿನಿಂದ ಮತ್ತೆ ಬರೆಯತೊಡಗಿದರು. ಆ ಯೋಜನೆಗೆ 2004ರಲ್ಲಿ ಹೈಕು ಎಂಬ ಹೆಸರು ಬಂತು.

ಈ ಎರಡೂ ವ್ಯವಸ್ಥೆಗಳಲ್ಲಿ ಸಿಡಿ ಡ್ರೈವ್ ಕೂಡ ಕಡತದಂತೆಯೇ ತೆರೆಯಬಹುದಾದ ಒಂದು ಸಾಧನ. ಪ್ರೋಗ್ರಾಮರ್ ಅದನ್ನು ತೆರೆದು, ಮೊದಲು ಪರಿವಿಡಿಯನ್ನು ಕೇಳಿ, ಬಳಿಕ ಆರಂಭದ ಸ್ಥಾನ, ಬೇಕಾದ ಉದ್ದ ಮತ್ತು ಧ್ವನಿಯನ್ನು ತುಂಬಿಸಿಕೊಳ್ಳುವ ಸ್ಮೃತಿಯ ಜಾಗ ಇವಿಷ್ಟನ್ನು ಡ್ರೈವರ್ ತಂತ್ರಾಂಶಕ್ಕೆ ಒಪ್ಪಿಸುತ್ತಾನೆ. ಹಾಡೊಂದು 3 ನಿಮಿಷ, 12 ಸೆಕೆಂಡು, 40ನೇ ಫ್ರೇಮಿನಲ್ಲಿ ಆರಂಭವಾದರೆ, 192 ಸೆಕೆಂಡುಗಳನ್ನು 75ರಿಂದ ಗುಣಿಸಿ, 40 ಕೂಡಿಸಿದಾಗ 14,440 ಬರುತ್ತದೆ. ಸಿಡಿಯ ಆರಂಭದ ಎರಡು ಸೆಕೆಂಡುಗಳ ವಿರಾಮಕ್ಕಾಗಿ 150 ಕಳೆದರೆ ಸಿಗುವ 14,290 ಆ ಹಾಡಿನ ಮೊದಲ ಫ್ರೇಮಿನ ಕ್ರಮಸಂಖ್ಯೆ.

ಲೆಕ್ಕ ಸುಲಭ, ಓದುವುದು ಕಷ್ಟ. ದತ್ತಾಂಶದ ಸಿಡಿಯಲ್ಲಿ ಪ್ರತಿ 2,352 ಬೈಟುಗಳ ಪೈಕಿ 2,048 ಮಾತ್ರ ದತ್ತಾಂಶಕ್ಕೆ ಸಂದು, ಉಳಿದ 304 ಬೈಟುಗಳು ವಿಳಾಸ, ದೋಷ ತಿದ್ದುಪಡಿ ಮುಂತಾದವುಗಳಿಗೆ ಮೀಸಲಾಗಿರುತ್ತವೆ. ಹಾಡಿನ ಸಿಡಿಯಲ್ಲಾದರೋ ಅಷ್ಟೂ ಜಾಗವನ್ನು ಧ್ವನಿಯೇ ತುಂಬಿರುವುದರಿಂದ, ಓದನ್ನು ನಡುವೆ ನಿಲ್ಲಿಸಿ ಮತ್ತೆ ಆರಂಭಿಸಿದ ಡ್ರೈವ್ ಕೆಲವು ಬೈಟುಗಳಷ್ಟು ಹಿಂದೆಯೋ ಮುಂದೆಯೋ ಸರಿಯಬಹುದು. ಆಗ ಹಾಡಿನ ನಡುವೆ ‘ಟಿಕ್’ ಎಂಬ ಸದ್ದು ಕೇಳುತ್ತದೆ. ಆದ್ದರಿಂದ ಜಾಗರೂಕ ತಂತ್ರಾಂಶಗಳು ಹಿಂದಿನ ಭಾಗದ ತುದಿಯನ್ನು ಮತ್ತೊಮ್ಮೆ ಓದಿ, ಎರಡನ್ನೂ ಹೋಲಿಸಿ, ಹೊಂದುವ ಜಾಗದಲ್ಲಿ ಬೆಸೆಯುತ್ತವೆ.

ಹೈಕು ಹಾಡು ಓದುವ ಹೊರೆಯನ್ನು ಪ್ರತಿಯೊಂದು ಪ್ರೋಗ್ರಾಮಿನ ಮೇಲೂ ಹೊರಿಸದೆ, ಕಡತ ವ್ಯವಸ್ಥೆಯೊಳಗೇ ಸಿಡಿ ಓದುವ ಘಟಕವೊಂದನ್ನು ಸೇರಿಸಿ, ಪ್ರತಿ ಹಾಡನ್ನೂ ವೇವ್ ಕಡತದಂತೆ ತೋರಿಸುತ್ತದೆ. ಕಡತದ ತಲೆಬರಹವನ್ನು ಅದೇ ಸೃಷ್ಟಿಸಿ, ಸಿಡಿಯಲ್ಲಿ ಹಾಡಿನ ಹೆಸರಿದ್ದರೆ ಅದನ್ನೂ ಓದಿಕೊಳ್ಳುವುದರಿಂದ, ಹಾಡನ್ನು ನಕಲಿಸಲು ಬೇರೆ ತಂತ್ರಾಂಶವೇ ಬೇಕಿಲ್ಲ. ಕಡತವನ್ನು ಎಳೆದು ಬೇರೆ ಫೋಲ್ಡರಿಗೆ ಹಾಕಿದರೆ ಸಾಕು. ಇದೇ ಸರಿಯಾದ ವಿನ್ಯಾಸ. ಹೈಕುವಿನ ಮೂಲ ಸಂಕೇತ ಎಂಐಟಿ ಪರವಾನಗಿಯಡಿ ಎಲ್ಲರಿಗೂ ಮುಕ್ತವಾಗಿದ್ದು, ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಈ ಘಟಕವನ್ನು ಒಮ್ಮೆಯಾದರೂ ತೆರೆದು ಓದಬೇಕು.