ಧ್ವನಿಭಂಡಾರದಲ್ಲಿ ಕ್ಷಣಮಾತ್ರದ ಶೋಧ

2002ರಲ್ಲಿ ಬ್ರಿಟನ್ನಿನಲ್ಲಿ ಒಂದು ನೂತನ ಸೇವೆ ಆರಂಭವಾಯಿತು. ಎಲ್ಲಿಯೋ ಕೇಳಿಬರುವ ಹಾಡು ಯಾವುದೆಂದು ತಿಳಿಯಬಯಸುವವರು ಮೊಬೈಲ್ ದೂರವಾಣಿಯಲ್ಲಿ 2580 ಎಂಬ ಸಂಖ್ಯೆಯನ್ನು ಒತ್ತಿ ಹಾಡಿನತ್ತ ಹಿಡಿದರೆ ಸಾಕು, ಅದರ ಹೆಸರೂ ಗಾಯಕರ ಹೆಸರೂ ಸಂದೇಶವಾಗಿ ಬರುತ್ತಿದ್ದವು. ಈ ಸೇವೆಯ ಹೆಸರು ಶಜಾಮ್. ಇದರ ಕ್ರಮವನ್ನು ರೂಪಿಸಿದ ಏವರಿ ವಾಂಗ್ ಅವರು 2003ರ ತಮ್ಮ ಪ್ರಬಂಧದಲ್ಲಿ, ಹತ್ತು ಲಕ್ಷಕ್ಕೂ ಮಿಕ್ಕಿದ ಧ್ವನಿಮುದ್ರಣಗಳಲ್ಲಿ ಒಂದನ್ನು ಗದ್ದಲದ ನಡುವೆಯೂ ಶೀಘ್ರವಾಗಿ ಗುರುತಿಸುವ ಬಗೆಯನ್ನು ವಿವರಿಸಿದರು.

ಅಷ್ಟನ್ನೂ ಒಂದೊಂದಾಗಿ ಆಲಿಸುತ್ತ ಹೋದರೆ ಯಂತ್ರಕ್ಕೂ ಕಾಲ ಸಾಲದು. ವಚನ ಸಂಪುಟದಲ್ಲಿ ಒಂದು ವಚನವನ್ನು ಹುಡುಕುವವರು ಮೊದಲ ಪುಟದಿಂದ ಓದತೊಡಗುವುದಿಲ್ಲ. ಕೊನೆಯಲ್ಲಿರುವ ಅಕಾರಾದಿಯನ್ನು ತೆರೆಯುತ್ತಾರೆ. ಧ್ವನಿಗೂ ಅಂತಹುದೊಂದು ಅಕಾರಾದಿ ಬೇಕು. ಆದರೆ ಧ್ವನಿಗೆ ಅಕ್ಷರವೆಲ್ಲಿ?

ಗಣಕಯಂತ್ರವು ಪ್ರತಿಯೊಂದು ಮುದ್ರಣವನ್ನೂ ಕಾಲ ಹಾಗೂ ಕಂಪನಸಂಖ್ಯೆಗಳ ನಕ್ಷೆಯಾಗಿ ಬಿಡಿಸುತ್ತದೆ. ಅದರಲ್ಲಿ ಸುತ್ತಲಿನವುಗಳಿಗಿಂತ ಪ್ರಬಲವಾದ ಬಿಂದುಗಳನ್ನಷ್ಟೇ ಉಳಿಸಿಕೊಂಡು ಮಿಕ್ಕುದನ್ನು ಕೈಬಿಡುತ್ತದೆ. ಉಳಿಯುವುದು ಇರುಳಿನ ಆಕಾಶದ ನಕ್ಷತ್ರಗಳಂತಹ ಒಂದು ಚಿತ್ರ. ಬಳಿಕ ಈ ಬಿಂದುಗಳನ್ನು ಎರಡೆರಡಾಗಿ ಜೋಡಿಸಿ, ಅವುಗಳ ಕಂಪನಸಂಖ್ಯೆಗಳನ್ನೂ ನಡುವಣ ಕಾಲಾಂತರವನ್ನೂ ಸೇರಿಸಿ ಒಂದು ಸಂಖ್ಯೆಯನ್ನು ಮಾಡಲಾಗುತ್ತದೆ. ಇದೇ ಧ್ವನಿಯ ಅಕ್ಷರ. ಯಾವ ಸಂಖ್ಯೆಯು ಯಾವ ಹಾಡಿನ ಎಷ್ಟನೆಯ ಕ್ಷಣದಲ್ಲಿ ಬರುವುದೆಂಬುದು ಮೊದಲೇ ಬರೆದಿಟ್ಟಿರುತ್ತದೆ. ಶೋಧದ ವೇಗವೆಲ್ಲ ಈ ಪೂರ್ವಸಿದ್ಧತೆಯ ಫಲ. ಕೇಳಿಸಿಕೊಂಡ ತುಣುಕಿಗೂ ಇದೇ ಸಂಸ್ಕಾರ ನಡೆಯುತ್ತದೆ. ಒಂದೆರಡು ಸಂಖ್ಯೆಗಳು ಆಕಸ್ಮಿಕವಾಗಿಯೂ ಹೊಂದಬಹುದು. ಹಾಡು ಅದೇ ಆಗಿದ್ದರೆ ಮಾತ್ರ ಅನೇಕ ಸಂಖ್ಯೆಗಳು ಅದೇ ಕ್ರಮದಲ್ಲಿ, ಅದೇ ಅಂತರದಲ್ಲಿ ಸಾಲಾಗಿ ಹೊಂದುತ್ತವೆ. ಗದ್ದಲವು ಹುಸಿ ಬಿಂದುಗಳನ್ನು ಸೇರಿಸೀತು, ನಿಜವಾದವುಗಳನ್ನೆಲ್ಲ ಅಳಿಸಲಾರದು.

ಯೂಟ್ಯೂಬ್ ಸಂಸ್ಥೆಯು 2007ರಿಂದ ದೃಶ್ಯಗಳನ್ನೂ ಮೊದಲೇ ಸಿದ್ಧಪಡಿಸಿದ ಗುರುತುಗಳೊಡನೆ ಹೋಲಿಸತೊಡಗಿತು.

ಈ ಕ್ರಮದ ಮಿತಿಯನ್ನೂ ಅರಿಯಬೇಕು. ಇದು ಗುರುತಿಸುವುದು ಹಾಡನ್ನಲ್ಲ, ಮುದ್ರಣವನ್ನು. ಒಂದೇ ವಚನವನ್ನು ಮಲ್ಲಿಕಾರ್ಜುನ ಮನಸೂರರೂ ಬಸವರಾಜ ರಾಜಗುರುಗಳೂ ಹಾಡಿದ್ದರೆ, ಕೇಳುಗನಿಗೆ ಒಂದೇ ಆದ ವಚನ ಯಂತ್ರಕ್ಕೆ ಸಂಬಂಧವಿಲ್ಲದ ಎರಡು. ಅದಕ್ಕಿಂತ ಮುಖ್ಯವಾದ ಮಾತು, ಭಂಡಾರದಲ್ಲಿ ಸೇರದುದನ್ನು ಅದು ಕಾಣಲಾರದು. ಮಠಗಳ, ಮನೆಗಳ ಕಪಾಟುಗಳಲ್ಲಿ ಪ್ರವಚನ, ಕೀರ್ತನೆ, ವಚನಗಾಯನಗಳ ಕ್ಯಾಸೆಟ್ಟುಗಳು ಹೆಸರು ಚೀಟಿಯೂ ಇಲ್ಲದೆ ಇಂದಿಗೂ ಉಳಿದಿವೆ. ತೇವ ಹಾಗೂ ಶಾಖಗಳಿಂದ ಅವುಗಳ ಕಾಂತಲೇಪ ಕೆಡುತ್ತದೆ. ಪ್ರತಿ ತೆಗೆದಿಡುವ ಕೆಲಸವನ್ನು ಯಾರಾದರೂ ಮಾಡಿಯಾರು. ಆದರೆ ಮಾತನಾಡಿದವರು ಯಾರು, ಯಾವ ವರ್ಷ, ಯಾವ ಸಭೆ ಎಂಬುದನ್ನು ಬರೆಯಬಲ್ಲವರು ಅಂದು ಅಲ್ಲಿ ಕುಳಿತು ಕೇಳಿದ ಹಿರಿಯರು ಮಾತ್ರ.