ಸಿಯಾಚಿನ್‌ಗೂ ಒಂದು ಬೇಸಿಗೆ

ಹಂಸಭಾವಿ, ಹಿರೇಕೆರೂರು ಕಡೆ ಚಳಿಯ ಆಟ ಏನಿದ್ದರೂ ಶಿವರಾತ್ರಿಯವರೆಗೆ. ಆಮೇಲೆ ಕಂಬಳಿ ಮಡಚಿಟ್ಟರೆ ಮುಗಿಯಿತು. ಇದೇ ಸೀಮೆಯ, ಶಿಗ್ಗಾಂವಿಗೆ ಹತ್ತಿರದ ಕುಂದಗೋಳ ತಾಲ್ಲೂಕಿನ ಬೆಟದೂರಿನಿಂದ ಹೋದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಕಾವಲಿಗೆ ನಿಂತದ್ದು ಸಿಯಾಚಿನ್‌ನ ಸೋನಮ್ ನೆಲೆಯಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ. 2016ರ ಫೆಬ್ರುವರಿ 3ರಂದು ಹಿಮದ ಗೋಡೆ ಕುಸಿಯಿತು. ಆರು ದಿನ ಹಿಮದಡಿ ಹೂತಿದ್ದ ಅವರು ಜೀವಂತ ಸಿಕ್ಕರು; 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾಡೆಲ್ಲ ಆ ಆರು ದಿನಗಳನ್ನು ನೆನಪಿಟ್ಟುಕೊಂಡಿದೆ. ಅದಕ್ಕೂ ಮೊದಲು ಅಲ್ಲಿ ದಿನ ಹೇಗೆ ಕಳೆಯುತ್ತಿತ್ತು ಎಂದು ಕೇಳಿದವರು ಕಡಿಮೆ.

1984ರ ಏಪ್ರಿಲ್ 13ರಂದು ‘ಆಪರೇಷನ್ ಮೇಘದೂತ’ದ ಮೂಲಕ ನಮ್ಮ ಸೇನೆ ಆ ಎತ್ತರಗಳನ್ನು ಹಿಡಿಯಿತು. (ಹೆಸರಿಟ್ಟವರು ಕಾಳಿದಾಸನನ್ನು ಓದಿದ್ದರೋ ಏನೋ.) 2003ರ ನವೆಂಬರ್‌ನಿಂದ ಕದನವಿರಾಮವಿದೆ. ಆದರೆ ಅಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಮೊದಲಿನಿಂದಲೂ ಹವೆಯೇ. ಹವೆ ಯಾವ ವಿರಾಮಕ್ಕೂ ಸಹಿ ಹಾಕಿಲ್ಲ.

ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 50 ಡಿಗ್ರಿ ಕೆಳಗಿಳಿಯುವುದುಂಟು. ಒಂದೇ ಹಂಗಾಮಿನಲ್ಲಿ 30 ಅಡಿಗೂ ಮಿಕ್ಕಿ ಹಿಮ ಬೀಳುತ್ತದೆ. ಗುಡಾರ ಹೂತುಹೋಗದಂತೆ ಸಲಿಕೆ ಹಿಡಿದು ಹಿಮ ಎತ್ತಿಹಾಕುವುದೇ ದೊಡ್ಡ ಕೆಲಸ, ಅದೂ ನಾಲ್ಕು ಹೆಜ್ಜೆಗೆ ಏದುಸಿರು ಬರುವ ಗಾಳಿಯಲ್ಲಿ. ಬೆಚ್ಚಗಿರಲು, ಹಿಮ ಕರಗಿಸಿ ನೀರು ಮಾಡಿಕೊಳ್ಳಲು ಸೀಮೆಎಣ್ಣೆಯ ಒಲೆ ಬೇಕು. ಅದರ ಮಸಿ ಉಗುಳಿನಲ್ಲೂ ಕಾಣಿಸಿಕೊಳ್ಳುತ್ತದೆ. ಬರಿಗೈಯಲ್ಲಿ ಬಂದೂಕಿನ ಲೋಹ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಹಸಿವಾಗುವುದಿಲ್ಲ, ನಿದ್ದೆ ಹತ್ತುವುದಿಲ್ಲ, ತೂಕ ಇಳಿಯುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡರೆ ಕೂಡಲೇ ಕೆಳಗಿಳಿಸಬೇಕು. ಹೆಲಿಕಾಪ್ಟರ್ ಬರಲು ಹವೆ ಬಿಡಬೇಕಲ್ಲ!

ಹಾಗಾದರೆ ಬೇಸಿಗೆ ಸುಖವೇ? ನನ್ನ ಮಟ್ಟಿಗೆ ಅದೇ ಹೆಚ್ಚು ಮೋಸದ ಕಾಲ. ಚಳಿಗಾಲದಲ್ಲಿ ಹಿಮನದಿಯ ಬಿರುಕುಗಳ ಮೇಲೆ ಸೇತುವೆ ಕಟ್ಟಿಕೊಂಡಿದ್ದ ಹಿಮ ಆಗ ಮೆತ್ತಗಾಗುತ್ತದೆ. ನಿನ್ನೆ ನಡೆದ ದಾರಿ ಇವತ್ತು ಬಾಯಿ ತೆರೆದಿರಬಹುದು. ಅದಕ್ಕೇ ಯೋಧರು ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು ಸಾಲಾಗಿ ನಡೆಯುತ್ತಾರೆ. ಒಬ್ಬ ಜಾರಿದರೆ ಉಳಿದವರು ತಡೆಯಬೇಕು. ಬಿಸಿಲು ಏರುವ ಮುಂಚೆ, ಹಿಮ ಗಟ್ಟಿಯಿರುವಾಗಲೇ ದಾರಿ ಸವೆಸುವುದು ಅಲ್ಲಿಯ ರೂಢಿ.

ಹನುಮಂತಪ್ಪ 2002ರಲ್ಲಿ ಸೇನೆ ಸೇರಿದವರು. ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷ ಜಮ್ಮು–ಕಾಶ್ಮೀರ, ಈಶಾನ್ಯದಂಥ ಕಠಿಣ ಜಾಗಗಳಲ್ಲೇ ಕಳೆದವು. 2015ರ ಆಗಸ್ಟ್‌ನಲ್ಲಿ ಸಿಯಾಚಿನ್‌ಗೆ ಹೋದರು, ಡಿಸೆಂಬರ್‌ನಲ್ಲಿ ಮೇಲಿನ ನೆಲೆಗೆ ಏರಿದರು. ಬೇಸಿಗೆಯ ಕೊನೆಯನ್ನೂ ಚಳಿಗಾಲದ ನಡುವನ್ನೂ ಕಂಡವರು.

ಹಿಮ ಕುಸಿದ ಆ ದಿನ ಹೂತುಹೋದ ಹತ್ತು ಮಂದಿಯಲ್ಲಿ ಹೆಚ್ಚಿನವರು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನವರು. ಅವರಲ್ಲಿ ಕನ್ನಡನಾಡಿನವರು ಮೂವರು: ಬೆಟದೂರಿನ ಇವರಲ್ಲದೆ ಹಾಸನ ಜಿಲ್ಲೆಯ ಸುಬೇದಾರ್ ಟಿ.ಟಿ. ನಾಗೇಶ, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಪಿ.ಎನ್. ಮಹೇಶ. ಆ ಇಬ್ಬರ ಹೆಸರು ಈಗ ಎಷ್ಟು ಜನರ ಬಾಯಲ್ಲಿದೆ? ಬೆಟದೂರಿನಲ್ಲಿ ಫೆಬ್ರುವರಿ 12ರಂದು ಅಂತ್ಯಕ್ರಿಯೆ ಮುಗಿದರೂ ಉಳಿದವರ ದೇಹಗಳು ಇನ್ನೂ ಮೇಲೆಯೇ ಇದ್ದವು. ಹವೆ ಕೆಟ್ಟು ಹೆಲಿಕಾಪ್ಟರ್ ಹಾರದೆ, ಮನೆಯವರು ಮತ್ತೂ ಕೆಲವು ದಿನ ಕಾಯಬೇಕಾಯಿತು.