ಮನೆಯೊಳಗಿನ ಡಿಜೆ: ಕಡಿಮೆ ರೊಕ್ಕದ ಲೆಕ್ಕಾಚಾರ

ಕಲಬುರಗಿ ಸೀಮೆಯಲ್ಲಿ ಡಿಜೆ ಅಂದರೆ ಕಣ್ಣಿಗೆ ಕಟ್ಟುವುದು ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಆಳೆತ್ತರಕ್ಕೆ ಪೇರಿಸಿದ ಬಾಕ್ಸುಗಳು, ಅದರ ಹಿಂದೆ ಗುಡುಗುಡಿಸುವ ಜನರೇಟರ್, ಗಣಪತಿ ಕಳಿಸುವ ದಿನ ಎದೆಗೂಡಿಗೇ ಬಡಿಯುವ ಬೇಸ್. ಆ ಸಾಮಾನಿಗೆ ಲಕ್ಷಗಟ್ಟಲೆ ಸುರಿಯಬೇಕು. ಆದರೆ ಒಂದು ಹಾಡಿನ ಬೆನ್ನಿಗೆ ಇನ್ನೊಂದನ್ನು ತಾಳ ತಪ್ಪದಂತೆ ಕೂಡಿಸುವ ಕಸುಬು ಕಲಿಯಲು ಆ ಬಾಕ್ಸುಗಳಲ್ಲಿ ಒಂದೂ ಬೇಕಿಲ್ಲ. ಒಂದು ಹಳೆಯ ಲ್ಯಾಪ್‌ಟಾಪ್, ಒಂದು ತಂತಿಯ ಹೆಡ್‌ಫೋನ್, ಸಾವಿರ ರೂಪಾಯಿ ದಾಟದ ಒಂದೆರಡು ಚಿಲ್ಲರೆ ವಸ್ತು ಇದ್ದರೆ ಆಯಿತು. ದುಡ್ಡು ಇರುವುದು ಅಷ್ಟಿಷ್ಟೇ ಆದರೆ ಅದನ್ನು ನೀವು ಕೇಳಿಸಿಕೊಳ್ಳುವುದಕ್ಕೆ ಹಾಕಿ. ಊರಿಗೆ ಕೇಳಿಸುವುದು ಆಮೇಲಿನ ಮಾತು.

ದತ್ತಕ್ಷೇತ್ರ ಗಾಣಗಾಪುರದಲ್ಲಂತೂ ಇದು ಬರೀ ಉಳಿತಾಯದ ಪ್ರಶ್ನೆಯಲ್ಲ. ನಿರ್ಗುಣ ಪಾದುಕೆಗಳ ಮಠದ ಸುತ್ತ ಮನೆಗೆ ಮನೆ ಅಂಟಿಕೊಂಡಿವೆ. ಮಧ್ಯಾಹ್ನ ಮಧುಕರಿ ಭಿಕ್ಷೆ, ಸಂಜೆ ಆರತಿ, ಪಲ್ಲಕ್ಕಿ. ಹುಣ್ಣಿಮೆ, ದತ್ತ ಜಯಂತಿ ಬಂತೆಂದರೆ ಸೊಲ್ಲಾಪುರ, ಪುಣೆಯ ಕಡೆಯಿಂದ ಬಂದ ಭಕ್ತರು ಸಿಕ್ಕ ಕೋಣೆಯಲ್ಲಿ ಮಲಗಿರುತ್ತಾರೆ. ಬೆಳಗಿನ ಜಾವ ಎದ್ದು ಭೀಮಾ–ಅಮರ್ಜಾ ಸಂಗಮಕ್ಕೆ ಸ್ನಾನಕ್ಕೆ ಹೋಗಬೇಕಾದವರ ತಲೆದಿಂಬಿನ ಪಕ್ಕದ ಗೋಡೆಗೆ ಬಾಕ್ಸು ಆನಿಸಿ ರಿಯಾಜು ಮಾಡಿದರೆ ಮೊದಲ ವಾರವೇ ಮನೆಯವರು ವೈರು ಕಿತ್ತಿಡುತ್ತಾರೆ.

ಮೊದಲು ಡಿಜೆ ಮಾಡುವ ಕೆಲಸ ಏನೆಂದು ನೋಡೋಣ. ಹಾಡು ನುಡಿಸುವ ಎರಡು ಯಂತ್ರ, ಅಂದರೆ ಡೆಕ್. ನಡುವೆ ಒಂದು ಮಿಕ್ಸರ್. ಒಂದು ಡೆಕ್ಕಿನ ಹಾಡು ಎಲ್ಲರಿಗೂ ಕೇಳುತ್ತಿರುವಾಗ ಇನ್ನೊಂದರ ಹಾಡು ಡಿಜೆಯ ಹೆಡ್‌ಫೋನಿಗೆ ಮಾತ್ರ ಬರುತ್ತದೆ. ಅವನು ಅದರ ವೇಗ ಹೊಂದಿಸಿ, ಸರಿಯಾದ ಬಡಿತದಲ್ಲಿ ಬಿಟ್ಟು, ಮೆಲ್ಲಗೆ ಹೊರಗೆ ತರುತ್ತಾನೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ತಂಗಿಗಾಗಿ ನಡೆಸಿದ ಪಾರ್ಟಿಯಿಂದ ಹೆಸರಾದ ಕೂಲ್ ಹರ್ಕ್ ಎಂಬ ಹುಡುಗ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಜನ ಹುಚ್ಚೆದ್ದು ಕುಣಿಯುವ ತುಣುಕನ್ನೇ ಆಚೀಚೆ ತಿರುಗಿಸಿ ಉದ್ದ ಮಾಡುತ್ತಿದ್ದ. ಇವತ್ತಿನ ಸಾಫ್ಟ್‌ವೇರಿನ ಲೂಪ್ ಬಟನ್ ಮಾಡುವುದೂ ಅದನ್ನೇ.

ಆ ಎರಡು ಯಂತ್ರ, ಮಿಕ್ಸರ್ ಎಲ್ಲವೂ ಈಗ ಲ್ಯಾಪ್‌ಟಾಪಿನೊಳಗೆ ಪುಕ್ಕಟೆ ಸಿಗುತ್ತವೆ. ನನ್ನ ಮತ ಮಿಕ್ಸ್‌ಗೆ. 2001ರಲ್ಲಿ ಟ್ಯೂ ಹಾಸ್ಟ್ ಆಂಡರ್ಸನ್ ಎಂಬ ಡೆನ್ಮಾರ್ಕಿನ ಸಂಶೋಧಕ ಶುರುಮಾಡಿದ ಮುಕ್ತ ತಂತ್ರಾಂಶ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಪೂರ್ತಿ ಬೇಕೆಂದರೆ ದುಡ್ಡು ಕೊಡಿ ಎಂಬ ಬೀಗ ಇದರಲ್ಲಿ ಇಲ್ಲ. ವರ್ಚುವಲ್ ಡಿಜೆ ಕೂಡ ಮನೆ ಬಳಕೆಗೆ ಉಚಿತವೇ, ನೋಡಲು ಚಂದ, ಆದರೆ ಮುಂದೆ ಕಂಟ್ರೋಲರ್ (ಗುಂಡಿ, ಫೇಡರುಗಳಿರುವ ಯಂತ್ರ) ಜೋಡಿಸಿದ ದಿನ ಅದು ಲೈಸೆನ್ಸ್ ಕೇಳುತ್ತದೆ. ಮಿಕ್ಸ್‌ಗೆ 4 ಜಿಬಿ ರ್‍ಯಾಮ್ ಇರುವ ಯಂತ್ರವೂ ನಡೆದೀತು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಓದಲು ಇಟ್ಟಿದ್ದ ಹಳೆಯ ಲ್ಯಾಪ್‌ಟಾಪಿಗೂ ಜೀವ ಬರುತ್ತದೆ. ಆರಂಭಕ್ಕೆ ಕೀಬೋರ್ಡೇ ಸಾಕು: ಡಿ ಒತ್ತಿದರೆ ಒಂದನೇ ಡೆಕ್, ಎಲ್ ಒತ್ತಿದರೆ ಎರಡನೆಯದು, ಜಿ ಮತ್ತು ಎಚ್‌ನಿಂದ ಕ್ರಾಸ್‌ಫೇಡರ್ ಎಡಕ್ಕೆ ಬಲಕ್ಕೆ ಸರಿದು ಸದ್ದನ್ನು ಒಂದು ಡೆಕ್ಕಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ.

ಕಗ್ಗಂಟು ಇರುವುದು ಹೆಡ್‌ಫೋನಿನಲ್ಲಿ. ಲ್ಯಾಪ್‌ಟಾಪಿಗೆ ಹಾಡು ಹೊರಬರುವ ದಾರಿ ಒಂದೇ, ನಮಗೆ ಬೇಕಾಗಿರುವುದು ಎರಡು: ಕೋಣೆಗೆ ಒಂದು, ಕಿವಿಗೆ ಒಂದು. ಹೊಸಬರು ಬಹಳಷ್ಟು ಮಂದಿ ಇಲ್ಲಿಯೇ ಕೈಬಿಟ್ಟು, ಎರಡು ಹಾಡನ್ನೂ ಸ್ಪೀಕರಿನಲ್ಲೇ ಬಿಟ್ಟು ಕಣ್ಣಳತೆಯಲ್ಲಿ ಜೋಡಿಸುತ್ತಾರೆ. ಪರದೆಯ ಮೇಲಿನ ಅಲೆ ನೋಡಿ ಬಟನ್ ಒತ್ತುವುದು ಬರುತ್ತದೆ, ಕಿವಿ ಮಾತ್ರ ಪಳಗುವುದಿಲ್ಲ.

ತೀರಾ ಅಗ್ಗದ ದಾರಿ ಡಿಜೆ ಸ್ಪ್ಲಿಟರ್ ಕೇಬಲ್. ಸ್ಟೀರಿಯೋ ಎಂದರೆ ಎಡ–ಬಲ ಎರಡು ಕಾಲುವೆ. ಹೊರಗಿನ ಹಾಡನ್ನೆಲ್ಲ ಎಡಕ್ಕೆ, ಹೆಡ್‌ಫೋನಿನದನ್ನೆಲ್ಲ ಬಲಕ್ಕೆ ಕಳಿಸಿದರೆ ಒಂದೇ ಪಿನ್ನಿನಿಂದ ಎರಡು ದಾರಿ ಸಿಕ್ಕಂತಾಯಿತು. ಎರಡೂ ಕಡೆ ಮೋನೋ ಆಗುತ್ತದೆ, ಕಲಿಯುವವರಿಗೆ ಅದು ನಷ್ಟವೇನಲ್ಲ. ವರ್ಚುವಲ್ ಡಿಜೆಯಲ್ಲೂ ಮೊಬೈಲಿನ ಡಿಜೇ (djay) ಎಂಬ ಆ್ಯಪ್‌ನಲ್ಲೂ ಇದಕ್ಕೆಂದೇ ಆಯ್ಕೆ ಇದೆ. ಲ್ಯಾಪ್‌ಟಾಪೇ ಇಲ್ಲದವರು ಫೋನಿನಲ್ಲಿ ಶುರುಮಾಡಬಹುದು. ಅಂಗಡಿಯಲ್ಲಿ ಮಾತ್ರ ಎಚ್ಚರ ಬೇಕು. ನೋಡಲು ಒಂದೇ ಥರ ಇರುವ ಮೂರು ವೈ ಕೇಬಲ್ ಸಿಗುತ್ತವೆ. ಒಂದು, ಒಂದೇ ಹಾಡನ್ನು ಇಬ್ಬರು ಕೇಳುವುದಕ್ಕೆ. ಇನ್ನೊಂದು, ಮೈಕ್ ಮತ್ತು ಹೆಡ್‌ಫೋನ್ ಬೇರೆ ಮಾಡುವುದಕ್ಕೆ. ಇವೆರಡೂ ನಮ್ಮ ಕೆಲಸಕ್ಕೆ ಬಾರವು. ಎಡ–ಬಲವನ್ನು ಒಡೆದು ಬೇರೆ ಬೇರೆ ಸಾಕೆಟ್ಟಿಗೆ ಕೊಡುವ ಮೂರನೆಯದೇ ಬೇಕು. ಅದು ಸಿಗದಿದ್ದರೆ ಮೊಬೈಲ್ ರಿಪೇರಿಯವರ ಹತ್ತಿರ ಬೆಸುಗೆ ಹಾಕಿಸಿಕೊಳ್ಳಿ. 3.5 ಎಂಎಂ ಸ್ಟೀರಿಯೋ ಪಿನ್ನಿನ ತುದಿ ಎಡ, ನಡುವಿನ ಉಂಗುರ ಬಲ, ಬುಡ ಗ್ರೌಂಡ್. ತುದಿಯಿಂದ ಹೊರಟ ತಂತಿ ಮೊದಲ ಸಾಕೆಟ್ಟಿನ ಎಡ–ಬಲ ಎರಡಕ್ಕೂ ಹೋಗಬೇಕು, ಉಂಗುರದ ತಂತಿ ಎರಡನೇ ಸಾಕೆಟ್ಟಿನ ಎರಡಕ್ಕೂ. ಗ್ರೌಂಡ್ ಎಲ್ಲಕ್ಕೂ ಒಂದೇ. ತುದಿ ಮತ್ತು ಉಂಗುರ ಎಲ್ಲಿಯೂ ಒಂದಕ್ಕೊಂದು ತಾಗಕೂಡದು. ಕೈ ಪಳಗಿದವರಿಗೆ ಅರ್ಧ ಗಂಟೆಯ ಕೆಲಸ.

ಇದಕ್ಕಿಂತ ಮೇಲಿನ ದಾರಿ ಒಂದು ಯುಎಸ್‌ಬಿ ಸೌಂಡ್ ಕಾರ್ಡ್. ಹೆಬ್ಬೆರಳಿನಷ್ಟು ದಪ್ಪದ್ದು ಐನೂರರೊಳಗೆ ಬರುತ್ತದೆ. ಫೋನಿನ ಟೈಪ್ ಸಿ ರಂಧ್ರಕ್ಕೆ ಹೆಡ್‌ಫೋನ್ ಜೋಡಿಸುವ ಪುಟ್ಟ ಅಡಾಪ್ಟರ್ ಮನೆಯಲ್ಲಿ ಬಿದ್ದಿದ್ದರೆ, ಅದರಲ್ಲಿ ಚಿಪ್ ಇರುವ ಬಗೆಯದಾದರೆ, ಲ್ಯಾಪ್‌ಟಾಪಿನ ಟೈಪ್ ಸಿಯಲ್ಲಿ ಅದೇ ಸೌಂಡ್ ಕಾರ್ಡ್ ಆಗುತ್ತದೆ. ಮಿಕ್ಸ್‌ನ ಸೌಂಡ್ ಹಾರ್ಡ್‌ವೇರ್ ಪುಟದಲ್ಲಿ ಮೇನ್ ಎದುರು ಒಂದು ಕಾರ್ಡ್, ಹೆಡ್‌ಫೋನ್ ಎದುರು ಇನ್ನೊಂದನ್ನು ಆರಿಸಿದರೆ ಮುಗಿಯಿತು. ಎರಡು ಕಾರ್ಡುಗಳ ಒಳಗಡಿಯಾರಗಳು ಕೂದಲೆಳೆಯಷ್ಟು ಹಿಂದೆಮುಂದೆ ಓಡುವುದರಿಂದ ಅವನ್ನು ಹೊಂದಿಸುವ ಆಯ್ಕೆಯೂ ಅದೇ ಪುಟದಲ್ಲಿದೆ. ಸದ್ದನ್ನು ತುಸು ತಡೆಹಿಡಿದು ಕಳಿಸುವ ಬಫರ್ 20 ಮಿಲಿಸೆಕೆಂಡಿನ ಆಸುಪಾಸು ಇಡಿ. ಇನ್ನೂ ಕಡಿಮೆ ಮಾಡಿದರೆ ಹಳೆಯ ಲ್ಯಾಪ್‌ಟಾಪ್ ಚಟಪಟ ಅನ್ನತೊಡಗುತ್ತದೆ.

ಬ್ಲೂಟೂತ್ ಮಾತ್ರ ಬೇಡವೇ ಬೇಡ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ಸೆಕೆಂಡ್. ಸಾಧಾರಣ ಬ್ಲೂಟೂತ್ ಸುಲಭವಾಗಿ 0.2 ಸೆಕೆಂಡ್ ತಡಮಾಡುತ್ತದೆ. ಹತ್ತಿರಹತ್ತಿರ ಅರ್ಧ ಬಡಿತ ಹೋಯಿತು. ಕಿವಿಯಲ್ಲಿ ಸರಿಯಿದ್ದದ್ದು ಕೋಣೆಯಲ್ಲಿ ಎಡವುತ್ತದೆ. ಕಿವಿ ಪೂರ್ತಿ ಮುಚ್ಚುವ, ತಂತಿಯ ಹೆಡ್‌ಫೋನ್ ತಗೊಳ್ಳಿ. ಇಡೀ ಪಟ್ಟಿಯಲ್ಲಿ ಒಂದೇ ವಸ್ತುವಿಗೆ ಕೈ ಬಿಚ್ಚಿ ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ. ಶಬ್ದದ ಮಿತಿಯನ್ನೂ ನೆನಪಿಡಿ. 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಕೇಳಬಹುದು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಮುಟ್ಟಿದರೆ ಕಾಲು ಗಂಟೆ, ಅಷ್ಟೇ.

ಸ್ಪೀಕರಿಗೆ ಹೊಸದಾಗಿ ಪೈಸೆ ಬಿಚ್ಚಬೇಡಿ. ಟಿವಿ ಕೆಳಗಿನ ಹೋಮ್ ಥಿಯೇಟರ್ ಸಾಕು. ಆಕ್ಸ್ ಇನ್‌ಪುಟ್ಟಿಗೆ ಕೆಂಪು–ಬಿಳಿ ಪಿನ್ನಿನ ಕೇಬಲ್ ಹಾಕಿ, ಸರೌಂಡ್, ಬೇಸ್ ಬೂಸ್ಟ್ ಎಲ್ಲ ಆಫ್ ಮಾಡಿ. ಭಜನಾ ಮಂಡಳಿಯವರ ಹಳೆಯ ಆಂಪ್ಲಿಫೈಯರ್ ಸಿಕ್ಕರೂ ನಡೆಯುತ್ತದೆ, ಆದರೆ ಅದರ ಜೊತೆಗಿನ ಹಾರ್ನ್ ಬೇಡ, ಬೇಸ್ ಅದರಲ್ಲಿ ಕೇಳುವುದೇ ಇಲ್ಲ. ನಮ್ಮ ಭಾಗದ ಕೋಣೆಗಳಿಗೆ ಇನ್ನೊಂದು ತಾಪತ್ರಯ ಇದೆ: ಕೆಳಗೆ ಶಹಾಬಾದಿ ಪರಸಿ, ಸುತ್ತ ಬರಿಗೋಡೆ. ಚಪ್ಪಾಳೆ ತಟ್ಟಿದರೆ ಝಣ್ ಎಂದು ತಿರುಗಿ ಬರುತ್ತದೆ. ಪೆಟ್ಟಿಗೆಯಲ್ಲಿರುವ ಕೌದಿಗಳನ್ನು ಹೊರತೆಗೆದು ಒಂದನ್ನು ನೆಲಕ್ಕೆ ಹಾಸಿ, ಒಂದೆರಡನ್ನು ಸ್ಪೀಕರಿನ ಎದುರುಗೋಡೆಗೆ ತೂಗುಹಾಕಿದರೆ ಹಾಡಿನ ಮಾತು ಬಿಡಿಸಿ ಕೇಳತೊಡಗುತ್ತದೆ. ಬೇಸ್‌ಗೆ ಕೌದಿ ಏನೂ ಮಾಡಲಾರದು. ಹತ್ತು ಅಡಿ ಅಗಲದ ಕೋಣೆ 56 ಹರ್ಟ್ಸ್ ಹತ್ತಿರ ತಾನೇ ಗುಂಯ್‌ಗುಡುತ್ತದೆ, ಮೂಲೆಯಲ್ಲಿಟ್ಟ ವೂಫರ್ ಅದನ್ನು ಇನ್ನಷ್ಟು ಉಬ್ಬಿಸುತ್ತದೆ. ವೂಫರನ್ನು ಮೂಲೆಯಿಂದ ಎರಡಡಿ ಈಚೆಗೆ ಎಳೆದು ನೋಡಿ.

ಸ್ಪೀಕರಿನಲ್ಲಿ ಗುಯ್ ಎಂಬ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ಚಾರ್ಜರ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಅದಕ್ಕೂ ಜಗ್ಗದಿದ್ದರೆ ಕೆಲವು ನೂರು ರೂಪಾಯಿಯ ಗ್ರೌಂಡ್ ಲೂಪ್ ಐಸೊಲೇಟರ್ ತನ್ನಿ. ಅರ್ಥಿಂಗ್ ಪಿನ್ ಮುರಿದರೆ ಸದ್ದು ಹೋಗುತ್ತದೆ ಎಂದು ಯಾರಾದರೂ ಹೇಳಿಯಾರು. ಹೋಗುತ್ತದೆ ನಿಜ, ಜೀವವೂ ಹೋದೀತು. ಕರೆಂಟ್ ಹೋದಾಗ ಲ್ಯಾಪ್‌ಟಾಪ್, ಹೆಡ್‌ಫೋನ್ ಎರಡೂ ಬ್ಯಾಟರಿಯ ಮೇಲೆ ನಡೆಯುವುದರಿಂದ ರಿಯಾಜು ನಿಲ್ಲುವುದಿಲ್ಲ. ಏಪ್ರಿಲ್–ಮೇ ಬಿಸಿಲಲ್ಲಿ ಮಾತ್ರ ಲ್ಯಾಪ್‌ಟಾಪನ್ನು ಅದೇ ಕೌದಿಯ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚಿ, ಕಾದು, ಹಾಡು ತುಂಡುತುಂಡಾಗುತ್ತದೆ. ಮಣೆಯ ಮೇಲಿಡಿ.

ಕೂತು ಏನು ಮಾಡಬೇಕು? ಹತ್ತಿರದ ವೇಗದ ಎರಡು ಹಾಡು ತೆಗೆದುಕೊಳ್ಳಿ. ಮೀಟರು ಕೆಂಪಿಗೆ ಹೋಗದಂತೆ ಎರಡರ ಗೇನ್ (ಸದ್ದಿನ ಮಟ್ಟ) ಸಮ ಮಾಡಿ. ಹಾಡು ಸಾಮಾನ್ಯವಾಗಿ ನಾಲ್ಕರ ಲೆಕ್ಕದಲ್ಲಿ ನಡೆದು 32 ಬಡಿತಕ್ಕೊಮ್ಮೆ ಮಗ್ಗಲು ಬದಲಿಸುತ್ತದೆ. 120ರ ವೇಗದಲ್ಲಿ ಅದು 16 ಸೆಕೆಂಡ್. ಆ ತಿರುವಿನಲ್ಲಿ ಎರಡನೆಯದನ್ನು ಬಿಡಿ. ಬಿಡುವ ಮುಂಚೆ ಅದರ ಬೇಸ್ ಪೂರ್ತಿ ಇಳಿಸಿರಬೇಕು; ಮುಂದಿನ ತಿರುವಿಗೆ ಮೊದಲ ಹಾಡಿನ ಬೇಸ್ ಇಳಿಸಿ ಇದರದ್ದು ಏರಿಸಿ. ಎರಡು ಬೇಸ್ ಏಕಕಾಲಕ್ಕೆ ಹೊಡೆದರೆ ಕೆಸರಾಗುತ್ತದೆ. ಊರೊಳಗಿನ ಅನೇಕ ಮೆರವಣಿಗೆಗಳಲ್ಲಿ ಕೇಳುವ ರಾಡಿಗೆ ಕಾರಣ ಇಷ್ಟೇ. ವೇಗವನ್ನು ತಾನೇ ಹೊಂದಿಸುವ ಸಿಂಕ್ ಬಟನ್ ಇದ್ದೇ ಇದೆ, ಆದರೆ ಮೊದಲ ಕೆಲವು ವಾರ ಅದನ್ನು ಮುಟ್ಟದೆ ವೇಗದ ಸ್ಲೈಡರಿನಲ್ಲೇ ಹೊಂದಿಸಿ. 120ರ ಹಾಡನ್ನು 128ಕ್ಕೆ ಏರಿಸಿದರೆ ಶೇ. 6.7 ಹೆಚ್ಚಿಸಿದಂತೆ, ವೇಗ ಬದಲಾದರೂ ಸ್ವರ ಬದಲಾಗದಂತೆ ಹಿಡಿಯುವ ಕೀಲಾಕ್ ಹಾಕದಿದ್ದರೆ ಹಾಡು ಅರ್ಧ ಸ್ವರಕ್ಕಿಂತ ತುಸು ಹೆಚ್ಚೇ ಮೇಲೆ ಹೋಗಿ ಗಾಯಕರ ದನಿ ಕೀರಲಾಗುತ್ತದೆ.

ಸಿಂಕ್ ಬಟನ್ನಿನ ಬಂಡವಾಳ ಬಯಲಾಗುವುದು ಹಳೆಯ ಹಾಡುಗಳಲ್ಲಿ. ಕಂಪ್ಯೂಟರಿನಲ್ಲಿ ಕಟ್ಟಿದ ಡಿಜೆ ಹಾಡಿನ ವೇಗ ಕೊನೆತನಕ ಒಂದೇ. ಕೈಯಿಂದ ಬಾರಿಸಿದ ತಬಲಾ, ಹಲಗಿ, ತಾಳಗಳ ಭಜನೆಗೆ ಆ ಹಂಗಿಲ್ಲ. ರಂಗೇರಿದಂತೆ ಓಟವೂ ಏರುತ್ತದೆ. ಮಿಕ್ಸ್‌ನಲ್ಲಿ ವೇಗ ಒಂದೇ ಇದೆಯೆಂದು ಊಹಿಸುವ ಆಯ್ಕೆಯನ್ನು ಅಂಥ ಹಾಡಿಗೆ ತೆಗೆದುಹಾಕಿ ಮತ್ತೆ ಪರೀಕ್ಷಿಸಬೇಕು. ಆಮೇಲೂ ನಂಬಬೇಕಾದ್ದು ಕಿವಿಯನ್ನೇ. ದತ್ತನ ಭಜನೆಗಳ ನಡುವೆ ಬೆಳೆದವರಿಗೆ ಈ ಏರಿಳಿತ ಹೊಸದಲ್ಲ. ದೊಡ್ಡ ಪೇಟೆಯ ಹುಡುಗರಿಗಿಂತ ಅವರು ಇದರಲ್ಲಿ ಬೇಗ ಪಳಗುತ್ತಾರೆಂದು ನನ್ನ ಎಣಿಕೆ.

ಕೀಬೋರ್ಡಿನಲ್ಲಿ ಕೈ ಕುದುರಿದ ಮೇಲೆ ಕಂಟ್ರೋಲರ್ ನೋಡಬಹುದು. ಹರ್ಕ್ಯುಲಿಸ್ ಇನ್‌ಪಲ್ಸ್ 200, ನ್ಯೂಮಾರ್ಕ್ ಡಿಜೆ2ಗೋ2 ಟಚ್ ಇವು ಹತ್ತು ಸಾವಿರದ ಹಿಂದೆಮುಂದೆ. ಎರಡರಲ್ಲೂ ಸೌಂಡ್ ಕಾರ್ಡ್ ಒಳಗೇ ಇದೆ, ಎರಡನ್ನೂ ಮಿಕ್ಸ್ ಗುರುತಿಸುತ್ತದೆ. ಪಯೊನಿಯರ್ ಡಿಡಿಜೆ 200ರಲ್ಲಿ ಸೌಂಡ್ ಕಾರ್ಡ್ ಇಲ್ಲ, ಸ್ಪ್ಲಿಟರೇ ಗತಿ; ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗವಾಯಿತೆಂದು ಎತ್ತಿಕೊಳ್ಳುವ ಮುನ್ನ ಇದು ಗೊತ್ತಿರಲಿ. ಹಳೆಯದನ್ನು ಕೊಳ್ಳುವಾಗ ಲ್ಯಾಪ್‌ಟಾಪ್ ಜೊತೆಗೊಯ್ದು ಪ್ರತಿ ಫೇಡರನ್ನೂ ನಿಧಾನ ಎಳೆದು ನೋಡಿ. ಪರದೆಯ ಮೇಲಿನ ಗುಂಡಿ ನಡುಗಿದರೆ ಅಥವಾ ಜಿಗಿದರೆ ಒಳಗೆ ಧೂಳು ಕೂತಿದೆ, ಇಲ್ಲವೇ ಸವೆದಿದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತ ಕೇಬಲ್ಲು, ಪಿನ್ನು ಸಿಗುತ್ತವೆ. ಅದಕ್ಕೂ ಆಚೆಯದು ಬೇಕಾದರೆ ಗಾಣಗಾಪುರ ರೋಡ್ ಸ್ಟೇಷನ್ ಮುಂಬೈ ಮಾರ್ಗದ ಮೇಲೇ ಇದೆ, ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗದ ಸಾಮಾನಿಲ್ಲ. ಹೈದರಾಬಾದಿಗೆ ಹೋಗುವವರು ಕೋಠಿಯ ಗುಜರಾತಿ ಗಲ್ಲಿ ನೋಡಿ ಬರಲಿ.

ಹಾಡಿನ ಸಂಗ್ರಹದ ಬಗ್ಗೆ ಒಂದು ಮಾತು. ಯೂಟ್ಯೂಬಿನಿಂದ ಇಳಿಸಿದ್ದನ್ನು 320 ಕೆಬಿಪಿಎಸ್ ಎಂಪಿ3 ಮಾಡಿದರೆ ಫೈಲು ದಪ್ಪವಾಗುತ್ತದೆ, ಹೋದ ಸದ್ದು ಮರಳಿ ಬರುವುದಿಲ್ಲ. ಆ ತಾಣದ ನಿಯಮಕ್ಕೂ ಅದು ವಿರುದ್ಧ. ಮನೆಯಲ್ಲಿರುವ ಸಿಡಿ, ಕ್ಯಾಸೆಟ್ಟುಗಳನ್ನು ಲ್ಯಾಪ್‌ಟಾಪಿಗೆ ಏರಿಸಿ, ಊರ ಹಲಗಿಯವರನ್ನು ಕೇಳಿ ಅವರ ಬಾರಿಕೆಯನ್ನು ಫೋನಿನಲ್ಲಿ ಹಿಡಿದಿಡಿ. ಅಂಥ ತುಣುಕು ಬೇರೆ ಯಾರ ಬಳಿಯೂ ಇರುವುದಿಲ್ಲ. ಮನೆಯಲ್ಲಿ ನುಡಿಸಲು ಯಾರ ಪರವಾನಗಿಯೂ ಬೇಡ. 1957ರ ಹಕ್ಕುಸ್ವಾಮ್ಯ ಕಾಯ್ದೆ ಧಾರ್ಮಿಕ ಸಮಾರಂಭಕ್ಕೂ ಮದುವೆ, ಮದುವೆಯ ಮೆರವಣಿಗೆಗೂ ವಿನಾಯಿತಿ ಕೊಟ್ಟಿದೆ. ಹೋಟೆಲು, ಟಿಕೆಟಿನ ಕಾರ್ಯಕ್ರಮಗಳಿಗೆ ಪಿಪಿಎಲ್, ಐಪಿಆರ್‌ಎಸ್‌ನಂಥ ಸಂಸ್ಥೆಗಳ ಲೈಸೆನ್ಸ್ ಬೇಕಾಗುತ್ತದೆ. ಸದ್ದಿನ ಕಾನೂನಿಗೆ ಮಾತ್ರ ಮದುವೆ, ಮನೆ ಎಂಬ ಭೇದ ಹೆಚ್ಚಿಲ್ಲ. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಖಾಸಗಿ ಸೌಂಡ್ ಸಿಸ್ಟಂನ ಸದ್ದು ಮನೆಯ ಸರಹದ್ದಿನಲ್ಲಿ ಇದನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರಕೂಡದು, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕಕ್ಕೆ ನಿರ್ಬಂಧ. ಹತ್ತು ಗಂಟೆಯ ನಂತರ ಸ್ಪೀಕರ್ ಆಫ್ ಮಾಡಿ, ಮಿಕ್ಸ್‌ನಲ್ಲಿ ರೆಕಾರ್ಡ್ ಒತ್ತಿ, ಹೆಡ್‌ಫೋನಿನಲ್ಲೇ ಮುಂದುವರಿಸಿ. ಮರುದಿನ ಆ ರೆಕಾರ್ಡಿಂಗ್ ಕೇಳುವಾಗ ಯಾವ ತಿರುವಿನಲ್ಲಿ ತಾಳ ಜಾರಿತೆಂಬುದು ತಾನಾಗಿ ಗೊತ್ತಾಗುತ್ತದೆ.